ಫೋಟೋ ತಿರುಗಿಸಿದ್ದು ನಾವೇ

ಹದಿನೇಳು ವರ್ಷದ ಓದುಗರೊಬ್ಬರು ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಅಂದಿದ್ದಾರೆ, ಹಾಕಿಲ್ಲ. ಪತ್ರದ ಮುಖ್ಯ ಭಾಗ ಇಷ್ಟು:

“ನಿಮ್ಮ ಸಂಗೀತ ಪತ್ರಿಕೆಯ ಹೊಸ ರೂಪ ನೋಡಿದೆ. ‘ಯುವ ಮನಸ್ಸುಗಳಿಗಾಗಿ’ ಅಂತ ಮುಖಪುಟದಲ್ಲೇ ಬರೆದಿದ್ದೀರಿ. ಯಾರೋ ದೊಡ್ಡವರು ಟೋಪಿಯನ್ನು ಹಿಂದುಮುಂದಾಗಿ ಹಾಕಿಕೊಂಡು ಬಂದು ನಮ್ಮ ಪಕ್ಕ ಕೂತ ಹಾಗಿದೆ. ಪುಟಪುಟಕ್ಕೂ ಬಣ್ಣ ಎರಚಿದ್ದೀರಿ, ಅಕ್ಷರ ಒಡೆದಿದ್ದೀರಿ. ಓದಲು ಹೋದರೆ ಕಣ್ಣು ನೋಯುತ್ತದೆ. ಇನ್ನೊಂದು ವಿಷಯ. 22ನೇ ಪುಟದಲ್ಲಿ ಡ್ರಮ್ಸ್ ಬಾರಿಸುವ ಹುಡುಗಿಯ ಫೋಟೋ ಇದೆ. ನಾನೂ ಡ್ರಮ್ಸ್ ಬಾರಿಸುತ್ತೇನೆ, ಎಡಚಿ. ಅವಳದ್ದೂ ಎಡಗೈ ಸೆಟ್ ಅಂತ ನೋಡಿ ಕುಣಿದಾಡಿಬಿಟ್ಟೆ. ಪುಟ ತಿರುವಿದರೆ 24ರಲ್ಲಿ ಅದೇ ಹುಡುಗಿ ಬಲಗೈಯವಳು! ಯಾವುದು ನಿಜ?”

24ರದ್ದು ನಿಜ. 22ರದ್ದನ್ನು ತಿರುಗಿಸಿದ್ದು ನಾವು.

ಹೇಗಾಯಿತು ಅಂತ ಹೇಳುತ್ತೇನೆ. 22 ಎಡಗಡೆಯ ಪುಟ. ಮೂಲ ಫೋಟೋದಲ್ಲಿ ಆ ಹುಡುಗಿ ಎಡಕ್ಕೆ, ಅಂದರೆ ಪತ್ರಿಕೆಯಿಂದ ಹೊರಗೆ ನೋಡುತ್ತಿದ್ದಳು. ಪುಟ ಕಟ್ಟುವವರಲ್ಲಿ ಹಳೆಯ ನಿಯಮವೊಂದಿದೆ: ಚಿತ್ರದಲ್ಲಿರುವವರು ಪುಟದ ಒಳಕ್ಕೆ, ಬರಹದ ಕಡೆ ನೋಡಬೇಕು. ಅವರು ಎತ್ತ ನೋಡುತ್ತಾರೋ ಓದುವವರ ಕಣ್ಣೂ ಅತ್ತಲೇ ಹೋಗುತ್ತದೆ. ನಿಯಮವೇನೋ ಸರಿ. ಅದನ್ನು ಪಾಲಿಸಲು ಎರಡು ದಾರಿ ಇದ್ದವು. ಫೋಟೋವನ್ನು ಬಲಪುಟಕ್ಕೆ ಒಯ್ಯುವುದು, ಇಲ್ಲವೇ ಕನ್ನಡಿಯಲ್ಲಿ ಕಂಡ ಹಾಗೆ ಅದಲು ಬದಲು ಮಾಡುವುದು. ಮೊದಲನೆಯದಕ್ಕೆ ಇಡೀ ಲೇಖನದ ಪುಟಗಳನ್ನು ಮತ್ತೆ ಕಟ್ಟಬೇಕು. ಎರಡನೆಯದಕ್ಕೆ ಒಂದು ಕ್ಲಿಕ್ ಸಾಕು. ಕ್ಲಿಕ್ ಗೆದ್ದಿತು. ಟೀ ಶರ್ಟ್ ಮೇಲಿನ ಅಕ್ಷರ ಉಲ್ಟಾ ಆಗಿದ್ದು ನಮ್ಮ ಕಣ್ಣಿಗೆ ಬಿತ್ತು, ಅದನ್ನು ಅಳಿಸಿದೆವು. ಬಲಗೈ ಸೆಟ್ಟಿನಲ್ಲಿ ಬಾರಿಸುವವರ ಎಡಕ್ಕಿರುವ ಹೈ-ಹ್ಯಾಟ್, ಅಂದರೆ ಪೆಡಲ್ ಇರುವ ಜೋಡಿ ತಾಳ, ಬಲಕ್ಕೆ ಹೋಗಿ ಕೂತಿದ್ದು ಮಾತ್ರ ಯಾರಿಗೂ ಕಾಣಲಿಲ್ಲ. ಐದು ಜನ ಪ್ರೂಫ್ ನೋಡಿದ್ದೆವು, ನನ್ನನ್ನೂ ಸೇರಿಸಿ.

ಸಂಗೀತ ಪತ್ರಿಕೆ ನಡೆಸುವವರ ಕಣ್ಣಿಗೆ ಡ್ರಮ್ ಸೆಟ್ ಬರೀ ಒಂದು ಆಕಾರವಾಗಿ ಕಂಡಿತು. ನಿಮ್ಮ ಉಳಿದ ದೂರುಗಳ ಬೇರೂ ಅಲ್ಲೇ ಇದೆ ಅಂತ ಪತ್ರವನ್ನು ಎರಡನೇ ಸಲ ಓದುವಾಗ ಅನ್ನಿಸಿತು.

ಹೊಸ ರೂಪದ ಕೆಲಸಕ್ಕೆ ಕೂತಾಗ ಗೋಡೆಗೆ ಒಂದು ಹಾಳೆ ಅಂಟಿಸಿದ್ದೆವು. ‘ನಮ್ಮ ಓದುಗರು: 15ರಿಂದ 24.’ ಅದರ ಕೆಳಗೆ ಅಲ್ಲಿ ಇಲ್ಲಿ ಕತ್ತರಿಸಿದ ಚಿತ್ರಗಳು: ಹೆಡ್‌ಫೋನ್, ಸ್ಕೇಟ್‌ಬೋರ್ಡ್, ಬಣ್ಣ ಬಳಿದ ಗೋಡೆ, ಹರಿದ ಪೋಸ್ಟರ್. ಮೊನ್ನೆ ಆ ಹಾಳೆಯನ್ನು ಮತ್ತೆ ನೋಡಿದೆ. ಎಲ್ಲ ಬರೀ ಸಾಮಾನು. ಒಂದು ಮುಖವೂ ಇಲ್ಲ. ಅದೂ ಅಲ್ಲದೆ 15ರವರಿಗೂ 24ರವರಿಗೂ ಏನು ಸಂಬಂಧ ಹೇಳಿ? ಒಬ್ಬರಿಗೆ ಗಿಟಾರಿನಲ್ಲಿ ಒಂದು ಕಾರ್ಡ್‌ನಿಂದ (ಒಟ್ಟಿಗೆ ಮೀಟುವ ಸ್ವರಗಳ ಗುಂಪು) ಇನ್ನೊಂದಕ್ಕೆ ಬೆರಳು ಬದಲಾಯಿಸುವುದೇ ದೊಡ್ಡ ಕಷ್ಟ. ಇನ್ನೊಬ್ಬರಿಗೆ ತಾನು ಬರೆದ ಹಾಡಿನ ಹಕ್ಕು ಯಾರ ಕೈಯಲ್ಲಿದೆ ಅನ್ನುವ ಚಿಂತೆ. ಇಬ್ಬರಿಗೂ ಒಂದೇ ಅಳತೆಯ ಅಂಗಿ ಹೊಲಿಸಿ, ನಾವೇ ಚಪ್ಪಾಳೆ ತಟ್ಟಿಕೊಂಡೆವು.

ಒಡೆದ ಅಕ್ಷರದ ವಿಷಯಕ್ಕೆ ಬರುತ್ತೇನೆ. ಬ್ರಿಟನ್ನಿನ ‘ಕೆರಾಂಗ್!’ ಪತ್ರಿಕೆ 1981ರಲ್ಲಿ ಶುರುವಾಯಿತು. ಅದರ ಹೆಸರೇ ಎಲೆಕ್ಟ್ರಿಕ್ ಗಿಟಾರನ್ನು ಜೋರಾಗಿ ಮೀಟಿದ ಸದ್ದು. ಮುಖಪುಟದ ಹೆಸರಿನ ಅಕ್ಷರಗಳು ಗಾಜು ಬಿರುಕುಬಿಟ್ಟ ಹಾಗಿವೆ. ಆ ಸದ್ದಿಗೆ ಒಡೆದ ಅಕ್ಷರ, ಸರಿಹೋಗುತ್ತದೆ. ನಾವು ಒಡೆದಿದ್ದು ಯಾಕೆ? ವಯಸ್ಸಿನ ಹುಡುಗರಿಗೆ ಒಡೆದದ್ದು ಇಷ್ಟ ಅಂತ ಯಾರೋ ಅಂದರು, ಉಳಿದವರು ಹೂಂ ಅಂದೆವು. ಮೆಲ್ಲಗೆ ಹಾಡುವ ಗಾಯಕಿಯ ಸಂದರ್ಶನಕ್ಕೂ ಅದೇ ಒಡಕು ಫಾಂಟ್ ಹಾಕಿದೆವು!

ಕನ್ನಡ ಅಕ್ಷರ ಒಡೆಯುವುದರಲ್ಲಿ ಇನ್ನೊಂದು ತೊಡಕಿದೆ. ನಮ್ಮ ಅಕ್ಷರಗಳಿಗೆ ಮೇಲೂ ಕೆಳಗೂ ಜಾಗ ಬೇಕು. ಕೆಳಗೆ ಒತ್ತಕ್ಷರ ಇಳಿಯುತ್ತದೆ, ಮೇಲೆ ಗುಡಿಸು, ಏತ್ವ ಏಳುತ್ತವೆ. ನಾವು ‘ಬಿಗಿಯಾಗಿ, ಚುರುಕಾಗಿ’ ಕಾಣಲಿ ಅಂತ ಸಾಲುಗಳ ನಡುವಿನ ಅಂತರ ಕಡಿಮೆ ಮಾಡಿದ್ದೆವು. 31ನೇ ಪುಟದ ಎರಡು ಸಾಲಿನ ಶೀರ್ಷಿಕೆ ನೋಡಿ. ಮೇಲಿನ ಸಾಲಿನ ‘ಸ್ವ’ದ ವ ಒತ್ತು ಕೆಳಗಿನ ಸಾಲಿನ ‘ಹಿ’ಯ ಗುಡಿಸಿಗೆ ಸಿಕ್ಕಿಹಾಕಿಕೊಂಡಿದೆ. ಅದನ್ನು ಬಿಡಿಸಿ ಓದುವಷ್ಟರಲ್ಲಿ ಲೇಖನ ಓದುವ ಹುಮ್ಮಸ್ಸೇ ಹೋಗಿರುತ್ತದೆ, ಅಲ್ವಾ?

ನಿಯಮ ಮುರಿಯಲೇಬಾರದು ಅಂತಲ್ಲ. 1994ರಲ್ಲಿ ಅಮೆರಿಕದ ‘ರೇ ಗನ್’ ಸಂಗೀತ ಪತ್ರಿಕೆಯ ವಿನ್ಯಾಸಕಾರ ಡೇವಿಡ್ ಕಾರ್ಸನ್ ಒಂದು ಇಡೀ ಸಂದರ್ಶನವನ್ನು ಡಿಂಗ್‌ಬ್ಯಾಟ್ಸ್ ಫಾಂಟಿನಲ್ಲಿ ಜೋಡಿಸಿದರು. ಅದರಲ್ಲಿ ಅಕ್ಷರವೇ ಇಲ್ಲ, ನಕ್ಷತ್ರ, ಬಾಣ ಇಂಥ ಗುರುತುಗಳಷ್ಟೇ. ಸಂದರ್ಶನ ಬೋರ್ ಹೊಡೆಸಿತು ಅನ್ನುವುದು ಅವರು ಕೊಟ್ಟ ಕಾರಣ. ಓದುವವರ ಪರವಾಗಿ ಮಾಡಿದ ತಮಾಷೆ ಅಂತ ಅದನ್ನು ಒಪ್ಪಬಹುದು, ಒಂದು ಸಲ. ನಮ್ಮಲ್ಲಿ ಬೋರ್ ಹೊಡೆಸದ ಲೇಖನಗಳನ್ನೇ ಓದಲು ಆಗದ ಹಾಗೆ ಮಾಡಿಟ್ಟಿದ್ದೆವು.

ಬಣ್ಣದ ಕಥೆ ಚಿಕ್ಕದು, ಸ್ವಲ್ಪ ನಗು ಬರುವಂಥದ್ದು. ಕಂಪ್ಯೂಟರ್ ಪರದೆಯ ಮೇಲೆ ನಾವು ಆರಿಸಿದ ಹಸಿರು ಕಣ್ಣು ಕೋರೈಸುತ್ತಿತ್ತು. ಪರದೆ ಬೆಳಕಿನಿಂದ ಬಣ್ಣ ಕಟ್ಟುತ್ತದೆ. ಪ್ರೆಸ್ಸಿನಲ್ಲಿ ಇರುವುದು ನಾಲ್ಕು ಇಂಕು: ಸಯಾನ್, ಮಜೆಂಟಾ, ಹಳದಿ, ಕಪ್ಪು. ಆ ನಾಲ್ಕನ್ನು ಹೇಗೆ ಬೆರೆಸಿದರೂ ನಿಯಾನ್ ಹಸಿರು ಬರುವುದಿಲ್ಲ. ಅದಕ್ಕೆ ಐದನೆಯ ಇಂಕು ಬೇರೆಯಾಗಿ ಹಾಕಿಸಬೇಕು, ಖರ್ಚು ಜಾಸ್ತಿ. ಪ್ರೂಫ್ ಬಂದಾಗ ನಮ್ಮ ನಿಯಾನ್ ನಿಂತ ನೀರಿನ ಪಾಚಿಯ ಬಣ್ಣಕ್ಕೆ ತಿರುಗಿತ್ತು. ಹೊತ್ತು ಮೀರಿತ್ತು, ಹಾಗೇ ಬಿಟ್ಟೆವು. ಕಪ್ಪು ಪುಟದ ಮೇಲಿನ ಸಣ್ಣ ಬಿಳಿ ಅಕ್ಷರವೂ ಅಷ್ಟೇ. ಕಪ್ಪು ಗಾಢವಾಗಲಿ ಅಂತ ನಾಲ್ಕು ಬಣ್ಣವನ್ನೂ ಹಾಕಿದರೆ ಅವು ಒಂದರ ಮೇಲೊಂದು ಸರಿಯಾಗಿ ಕೂರಬೇಕು. ಕೂದಲೆಳೆಯಷ್ಟು ಜರುಗಿದರೂ ಬಿಳಿ ಅಕ್ಷರದೊಳಕ್ಕೆ ಇಂಕು ನುಗ್ಗುತ್ತದೆ. ನಿಮ್ಮ ಕಣ್ಣು ನೋಯುವುದರಲ್ಲಿ ಆಶ್ಚರ್ಯವಿಲ್ಲ.

ಇಷ್ಟೆಲ್ಲ ಅಲಂಕಾರ ಇಲ್ಲದೆ ಎಳೆಯರ ಮನಸ್ಸು ಗೆದ್ದ ಪತ್ರಿಕೆಯೂ ಇತ್ತು. 1978ರಲ್ಲಿ ಬ್ರಿಟನ್ನಿನಲ್ಲಿ ಹುಟ್ಟಿದ ‘ಸ್ಮ್ಯಾಶ್ ಹಿಟ್ಸ್’ ಆಗಿನ ಜನಪ್ರಿಯ ಹಾಡುಗಳ ಸಾಹಿತ್ಯವನ್ನು ಪೂರ್ತಿ ಅಚ್ಚು ಹಾಕುತ್ತಿತ್ತು. ನನಗೆ ಅದರಲ್ಲಿ ಹಿಡಿಸುವುದು ಇದು: ಪುಟ ತೆರೆದವರಿಗೆ ಮಾಡಲು ಒಂದು ಕೆಲಸ ಇತ್ತು. ಜೊತೆಗೆ ಹಾಡಬಹುದು. ಸಾಲು ತಪ್ಪಾಗಿ ಕೇಳಿಸಿಕೊಂಡಿದ್ದರೆ ತಿದ್ದಿಕೊಳ್ಳಬಹುದು. ಪತ್ರಿಕೆ 2006ರಲ್ಲಿ ನಿಂತಿತು, ಆ ಹೊತ್ತಿಗೆ ಹಾಡಿನ ಸಾಹಿತ್ಯ ಇಂಟರ್ನೆಟ್ಟಿನಲ್ಲಿ ಸುಮ್ನೆ ಸಿಗುತ್ತಿತ್ತು. ಹಾಗಾದರೆ ಈಗ ನಿಮ್ಮ ಕೈಗೆ ಕಾಗದದ ಮೇಲೆ ಏನು ಕೊಡಬೇಕು? ಇದನ್ನು ಮೊದಲು ಕೇಳಿಕೊಳ್ಳಬೇಕಿತ್ತು. ನಾವು ಫಾಂಟ್ ಹುಡುಕುತ್ತಾ ಕೂತಿದ್ದೆವು.

ನಿಮ್ಮ ಪತ್ರ ಬಂದ ಮೇಲೆ ಕಳೆದ ಆರು ಸಂಚಿಕೆಗಳನ್ನು ಮೇಜಿನ ಮೇಲೆ ಹರಡಿದೆವು. ಮುಖಪುಟಗಳಲ್ಲಿ ಹುಡುಗಿಯರಿದ್ದಾರೆ. ಒಬ್ಬರ ಕೈಯಲ್ಲಿ ಮೈಕ್, ಇನ್ನೊಬ್ಬರ ಕಿವಿಯಲ್ಲಿ ಹೆಡ್‌ಫೋನ್. ವಾದ್ಯ ಹಿಡಿದವರು ಒಬ್ಬರೂ ಇಲ್ಲ. ಒಳಪುಟದಲ್ಲಿ ವಾದ್ಯದ ಜೊತೆ ದೊಡ್ಡದಾಗಿ ಕಂಡ ಒಬ್ಬಳೇ ಹುಡುಗಿ ನೀವು ಹೇಳಿದ 22ನೇ ಪುಟದವಳು, ಅವಳನ್ನೂ ನಾವು ಉಲ್ಟಾ ಮಾಡಿದ್ದೆವು. ನಮ್ಮ ಪತ್ರಿಕೆಯಲ್ಲಿ ನಿಮ್ಮಂಥವರು ಕಾಣಿಸಿಕೊಂಡಿದ್ದು ಒಂದೇ ಸಲ, ಅದೂ ತಪ್ಪಿನಿಂದ. ಇದನ್ನು ಬರೆಯಲು ನಾಚಿಕೆಯಾಗುತ್ತದೆ.

ಮುಂದಿನ ಸಂಚಿಕೆಯಲ್ಲಿ ಒಂದಷ್ಟು ಬದಲಾಗಿರುತ್ತದೆ. ಲೇಖನಗಳು ಬಿಳಿ ಹಾಳೆಯ ಮೇಲೆ ಕಪ್ಪು ಅಕ್ಷರದಲ್ಲಿ ಬರುತ್ತವೆ, ಸಾಲುಗಳ ನಡುವೆ ಉಸಿರಾಡುವಷ್ಟು ಜಾಗ ಇರುತ್ತದೆ. ಒಡಕು ಫಾಂಟ್ ಹೋಯಿತು. ‘ಯುವ ಮನಸ್ಸುಗಳಿಗಾಗಿ’ ಅನ್ನುವ ಸಾಲೂ ಹೋಯಿತು. ಅದನ್ನು ತೆಗೆಯುವಾಗ ನಮ್ಮಲ್ಲಿ ಸಣ್ಣ ಜಗಳವೇ ಆಯಿತು ಅನ್ನಿ. ಪ್ರೂಫ್ ಪ್ರೆಸ್ಸಿಗೆ ಹೋಗುವ ಮೊದಲು ಇಪ್ಪತ್ತರೊಳಗಿನ ಮೂವರು ಅದನ್ನು ನೋಡುತ್ತಾರೆ, ಅವರಲ್ಲಿ ಇಬ್ಬರು ವಾದ್ಯ ನುಡಿಸುವವರು. ನೋಡಿ ತಲೆಯಾಡಿಸಿ ಹೋಗಲು ಅವರನ್ನು ಕರೆದಿಲ್ಲ. ಪುಟ ಬೇಡ ಅಂದರೆ ಆ ಪುಟ ಮತ್ತೆ ಕಟ್ಟಬೇಕು, ಹಾಗಂತ ಬರೆದುಕೊಟ್ಟಿದ್ದೇನೆ.

ಒಂದು ಕೋರಿಕೆಗೆ ಮಾತ್ರ ಇಲ್ಲ ಅನ್ನಬೇಕಾಗಿದೆ. ಪತ್ರದ ಕೊನೆಯಲ್ಲಿ ಓದುಗರಿಗಾಗಿ ಒಂದೇ ಒಂದು ಪುಟ ಹೆಚ್ಚಿಸಿ ಅಂದಿದ್ದೀರಿ. ನಡುವೆ ಮಡಚಿ ಪಿನ್ ಹೊಡೆಯುವ ಪತ್ರಿಕೆಯಲ್ಲಿ ಒಂದು ಹಾಳೆ ಸೇರಿಸಿದರೆ ನಾಲ್ಕು ಪುಟ ಆಗುತ್ತದೆ. ಒಂದು ಪುಟ ಸೇರಿಸಲು ಆಗುವುದೇ ಇಲ್ಲ. ಹಾಗಾಗಿ ಸಂಪಾದಕರ ಮಾತು ಬರುತ್ತಿದ್ದ ಪುಟವನ್ನೇ ಬಿಟ್ಟುಕೊಡುತ್ತಿದ್ದೇನೆ. ಅದನ್ನು ಯಾರೂ ಓದುತ್ತಿರಲಿಲ್ಲ ಅಂತ ನಮ್ಮ ವಿನ್ಯಾಸಕಾರರು ಸಮಾಧಾನ ಹೇಳಿದರು.

ಆ ಪುಟದ ಮೊದಲ ಬರಹ ನೀವು ಬರೆಯುತ್ತೀರಾ? ಎಡಗೈ ಸೆಟ್ಟಿನ ಹೆಸರಾಂತ ಡ್ರಮ್ಮರ್‌ಗಳಾದ ಇಯಾನ್ ಪೇಸ್, ಫಿಲ್ ಕಾಲಿನ್ಸ್ ಬಗ್ಗೆ ಬೇಡ, ಅದನ್ನು ನಾವೇ ಬರೆಯಬಹುದು. ನಾಲ್ಕು ಜನ ಹಂಚಿಕೊಳ್ಳುವ ಅಭ್ಯಾಸದ ಕೋಣೆಗೆ ನೀವು ಹೋದಾಗ ಬಲಗೈ ಸೆಟ್ಟನ್ನು ಬಿಚ್ಚಿ ಅದಲು ಬದಲು ಮಾಡಲು ಎಷ್ಟು ಹೊತ್ತು ಹಿಡಿಯುತ್ತದೆ, ಮೊದಲು ಏನನ್ನು ಸರಿಸುತ್ತೀರಿ, ಕಾಯುತ್ತಾ ನಿಂತವರು ಏನನ್ನುತ್ತಾರೆ, ಅದು ಬೇಕು. 400 ಪದ ಸಾಕು. ಬರುವ ತಿಂಗಳ 10ನೇ ತಾರೀಖಿನೊಳಗೆ ಕಳಿಸಿ. ಜೊತೆಗೆ ನೀವು ಬಾರಿಸುತ್ತಿರುವ ಒಂದು ಫೋಟೋ ಇರಲಿ, ಯಾವ ಕಡೆ ನೋಡುತ್ತಿದ್ದರೂ ಪರವಾಗಿಲ್ಲ.

– ಸಂ.