ಕನ್ನಡ ಉಂಟು ಮಾರಾಯ, ಕೌಂಟರಿನಲ್ಲಿ ಮಾತ್ರ ಇಲ್ಲ

"ಕಾಸರಗೋಡಾ? ಅಲ್ಲಿ ಬರೀ ಮಲಯಾಳಿಗಳು, ಮುಸ್ಲಿಮರು ಅಲ್ವಾ? ಮಕ್ಕಳನ್ನಿಟ್ಟುಕೊಂಡು ಹೇಗಿರ್ತೀರೋ!" ಅಂತ ನೀನು ಕೇಳಿದಾಗ ನಕ್ಕು ಸುಮ್ಮನಾದೆ. ಈಗ ಹೇಳ್ತೇನೆ ಕೇಳು.

ನಮ್ಮದು ಹವ್ಯಕರ ಮನೆ. ಆಚೆಮನೆಯವರು ಮಾಪಿಳ್ಳೆಗಳು, ಅಂದರೆ ಮಲಯಾಳ ಮಾತಾಡುವ ಮುಸ್ಲಿಮರು, ಎದುರಿಗೆ ತುಳುವಿನ ಬಂಟರು. ಮೂಲೆಯಲ್ಲಿ ಗೌಡ ಸಾರಸ್ವತ ಬ್ರಾಹ್ಮಣ ಕೊಂಕಣಿಗರು, ಅದರ ಪಕ್ಕ ಬೇಳ ಇಗರ್ಜಿಗೆ ಹೋಗುವ ಕ್ರೈಸ್ತ ಕೊಂಕಣಿಗರು. ಒಬ್ಬರ ಕೊಂಕಣಿ ಕೇಳಿ ಇನ್ನೊಬ್ಬರಿಗೆ ನಗು. ಮಕ್ಕಳು ತುಳುವಿನಲ್ಲಿ ಜಗಳ ಮಾಡಿ ಮಲಯಾಳದಲ್ಲಿ ರಾಜಿಯಾಗ್ತಾರೆ. ಆರಿಕ್ಕಾಡಿಯಲ್ಲಿ ಆಲಿ ಅಂತ ಮುಸ್ಲಿಂ ಭೂತವೇ ಉಂಟು, ಭೂತ ಅಂದರೆ ನಾವು ಕೋಲ ಕಟ್ಟಿ ನಂಬುವ ದೈವ. ಮನಸ್ತಾಪವೇ ಇಲ್ಲ ಅಂತಲ್ಲ. ಆದರೆ ನಾನು ಒದ್ದಾಡುವುದು ನೆರೆಯವರ ಜೊತೆಗಲ್ಲ, ಕಾಗದದ ಜೊತೆಗೆ.

1956ರ ನವೆಂಬರ್ 1ರಂದು ಭಾಷೆ ನೋಡಿ ರಾಜ್ಯಗಳ ಗಡಿ ಹೊಸದಾಗಿ ಎಳೆದಾಗ ನಮ್ಮಜ್ಜ ಮಲಗಿದ್ದಲ್ಲೇ ಕೇರಳಕ್ಕೆ ಸೇರಿದರು. ಚಂದ್ರಗಿರಿ ಹೊಳೆಯ ಬಡಗು ಭಾಗ ಕರ್ನಾಟಕಕ್ಕೆ ಅಂತ 1967ರಲ್ಲಿ ಗಡಿ ತಕರಾರು ನೋಡಿದ ಮಹಾಜನ ಆಯೋಗ ಹೇಳಿತು. ಅದೀಗ ಮದುವೆಮನೆಯ ಮಾತಿಗೆ ಒದಗುತ್ತದೆ, ಅಷ್ಟೆ. ಇಲ್ಲಿನ ಕನ್ನಡಿಗರು ಕಚೇರಿಗೆ ಕನ್ನಡದಲ್ಲಿ ಬರೆಯಬಹುದು, ಉತ್ತರವೂ ಕನ್ನಡದಲ್ಲೇ ಬರಬೇಕು ಅಂತ ಕೇರಳದ್ದೇ 1969ರ ಕಾನೂನು ಉಂಟು. ಅದನ್ನು ನಂಬಿ ಅರ್ಜಿ ಕೊಟ್ಟೆ. ಗುಮಾಸ್ತರು ಹಿಂದೆ ಮುಂದೆ ತಿರುಗಿಸಿ ನೋಡಿ, "ಮಲಯಾಳದಲ್ಲಿ ಬರೆಸಿಕೊಂಡು ಬನ್ನಿ" ಅಂದರು. ಪಾಪ, ಅವರು ತೆಂಕಿನಿಂದ ವರ್ಗವಾಗಿ ಬಂದವರು. ನಮ್ಮ ಮಲಯಾಳವೇ ಅವರಿಗೆ ಅರ್ಧ ಅರ್ಥವಾಗುವುದಿಲ್ಲ! ನನಗೋ ಮಾತು ಬರ್ತದೆ, ಓದಲಿಕ್ಕೆ ಬರುವುದಿಲ್ಲ. ಕನ್ನಡ ಶಾಲೆಗೇ ಕನ್ನಡ ಬಾರದ ಮೇಷ್ಟ್ರನ್ನು ಹಾಕ್ತಾರೆ. ಅದನ್ನು ಹೇಳಹೊರಟರೆ ಬೆಳಗಾಗ್ತದೆ.

ಕೊನೆಗೆ ಉತ್ತರ ಬಂತು, ಮಲಯಾಳದಲ್ಲಿ. ಆಚೆಮನೆಯ ಹುಡುಗಿ ಓದಿ ಹೇಳಿದಳು. ಅವಳ ಅಜ್ಜಿಯ ಪೆಟ್ಟಿಗೆಯಲ್ಲಿರುವ ಜಾಗದ ಹಳೆಯ ದಸ್ತಾವೇಜು ಮಾತ್ರ ಪೂರಾ ಕನ್ನಡ, ಅದೂ ಅಕ್ಷರಕ್ಕೆ ಅಕ್ಷರ ಕೂಡಿಸಿ ಗೀಚಿದ ಮೋಡಿ ಕೈಬರಹ. ಅದನ್ನು ಓದಿ ಕೊಡುವವ ನಾನು. ಗಡಿಕಲ್ಲು ಎಲ್ಲಿ, ಬಾವಿ ಯಾರ ಪಾಲಿಗೆ ಅಂತ ಅವರ ಮನೆಯವರಿಗಿಂತ ಹೆಚ್ಚು ನನಗೆ ಗೊತ್ತು.

ನಿನ್ನೆ ಇನ್ನೊಂದು ಲಕೋಟೆ ಬಂದಿದೆ. ಅವಳಿಗೆ ಪರೀಕ್ಷೆ, ಶುಕ್ರವಾರ ಮುಗೀತದಂತೆ. ಅಲ್ಲಿವರೆಗೆ ಅದರೊಳಗೆ ಎಂತ ಉಂಟು ಅಂತ ನನ್ನ ಹತ್ರ ಕೇಳಬೇಡ.