ಪ್ಯಾಂಕ್ರಿಯಾಸ್‌ನಲ್ಲಿ ಕ್ಯಾನ್ಸರ್, ಕಾಲಿನಲ್ಲಿ ಕ್ಲಾಟ್: ಎರಡಕ್ಕೂ ಏನು ಸಂಬಂಧ?

"ತಂದೆಗೆ ಪ್ಯಾಂಕ್ರಿಯಾಸ್ (ಮೇದೋಜ್ಜೀರಕ ಗ್ರಂಥಿ) ಕ್ಯಾನ್ಸರ್. ಈಗ ಎಡಗಾಲು ಊದಿಕೊಂಡಿದೆ, ಒಳಗೆ ರಕ್ತ ಹೆಪ್ಪುಗಟ್ಟಿದೆ ಅಂತ ಸ್ಕ್ಯಾನ್‌ನಲ್ಲಿ ಬಂತು. ಹೊಟ್ಟೆಯ ಗಡ್ಡೆಗೂ ಕಾಲಿಗೂ ಏನು ಸಂಬಂಧ?" ಅಂತ ಕೇಳಿದ್ದೀರಿ.

ಸಂಬಂಧ ಇದೆ. ನಾನು ಡಾಕ್ಟರ್ ಅಲ್ಲ, ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಟೆಕ್ನೀಷಿಯನ್. ಹಾಗಾಗಿ ನನ್ನ ಟೇಬಲ್ಲಿನಿಂದಲೇ ಶುರು ಮಾಡುತ್ತೇನೆ.

ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಬೇಕು ಅಂತ ನೋಡುವ ಪಿಟಿ (ಪ್ರೋಥ್ರಾಂಬಿನ್ ಟೈಮ್) ಅಂತ ಒಂದು ಟೆಸ್ಟ್ ಇದೆ. ನೀಲಿ ಮುಚ್ಚಳದ ಟ್ಯೂಬಿಗೆ ರಕ್ತ ತೆಗೆದು, ಪ್ಲಾಸ್ಮಾ, ಅಂದರೆ ರಕ್ತಕಣಗಳಿಲ್ಲದ ದ್ರವಭಾಗ, ಬೇರೆ ಮಾಡಿ, ಅದಕ್ಕೆ ಕ್ಯಾಲ್ಸಿಯಂ ಜೊತೆ ಥ್ರಾಂಬೋಪ್ಲಾಸ್ಟಿನ್ ಹಾಕುತ್ತೇವೆ. ಆರೋಗ್ಯವಂತರ ಪ್ಲಾಸ್ಮಾ ಸುಮಾರು 12 ಸೆಕೆಂಡಿಗೆ ಗಟ್ಟಿಯಾಗುತ್ತದೆ. ಹಾಲಿಗೆ ಹೆಪ್ಪು ಹಾಕಿದ ಹಾಗೆಯೇ. ಮೊಸರಿಗೆ ರಾತ್ರಿಯಿಡೀ ಬೇಕು, ಇದಕ್ಕೆ ಅಷ್ಟು ತಾಳ್ಮೆ ಇಲ್ಲ! ಥ್ರಾಂಬೋಪ್ಲಾಸ್ಟಿನ್‌ನಲ್ಲಿ ಕೆಲಸ ಮಾಡುವ ಮುಖ್ಯ ಪ್ರೋಟೀನಿನ ಹೆಸರು ಟಿಶ್ಯೂ ಫ್ಯಾಕ್ಟರ್. ಹಿಂದೆಲ್ಲ ಇದನ್ನು ಮೊಲದ ಮಿದುಳಿನಿಂದ ತೆಗೆಯುತ್ತಿದ್ದರು.

ನಮ್ಮ ಮೈ ಈ ಹೆಪ್ಪನ್ನು, ಅಂದರೆ ಟಿಶ್ಯೂ ಫ್ಯಾಕ್ಟರನ್ನು, ರಕ್ತಕ್ಕೆ ತಾಗದ ಹಾಗೆ, ರಕ್ತನಾಳದ ಹೊರಪದರದಲ್ಲಿ ಇಟ್ಟಿರುತ್ತದೆ. ಈಳಿಗೆಮಣೆಯಲ್ಲಿ ಬೆರಳು ಕೊಯ್ದುಕೊಂಡರೆ ನಾಳ ತುಂಡಾಗಿ ರಕ್ತವೂ ಈ ಹೆಪ್ಪೂ ಸೇರುತ್ತವೆ. ರಕ್ತದಲ್ಲಿ ಫ್ಯಾಕ್ಟರ್ ಅಂತ ನಂಬರ್ ಹಾಕಿ ಕರೆಯುವ ಹೆಪ್ಪುಗಟ್ಟಿಸುವ ಪ್ರೋಟೀನುಗಳಿವೆ. ಅವುಗಳಲ್ಲಿ 7ನೆಯದು ಬಂದು ಟಿಶ್ಯೂ ಫ್ಯಾಕ್ಟರಿಗೆ ಅಂಟಿಕೊಳ್ಳುತ್ತದೆ, ಅವೆರಡೂ 10ನೆಯದನ್ನು ಎಬ್ಬಿಸುತ್ತವೆ. ಅಲ್ಲಿಂದ ಥ್ರಾಂಬಿನ್ ಹುಟ್ಟಿ ಫೈಬ್ರಿನ್ ಎಳೆಗಳ ಬಲೆ ಹೆಣೆಯುತ್ತದೆ. ರಕ್ತ ನಿಲ್ಲುತ್ತದೆ.

ಕ್ಯಾನ್ಸರ್ ಜೀವಕೋಶ ಮಾಡುವ ಕಿತಾಪತಿ ಏನೆಂದರೆ, ಇದೇ ಟಿಶ್ಯೂ ಫ್ಯಾಕ್ಟರನ್ನು ತಾನೇ ತಯಾರಿಸಿ ಮೈಮೇಲೆ ಹೊತ್ತುಕೊಳ್ಳುತ್ತದೆ. ಗಾಯವೇ ಇಲ್ಲ, ಆದರೂ ಹೆಪ್ಪು ಬಿದ್ದಾಯಿತು. ಪ್ಯಾಂಕ್ರಿಯಾಸ್ ಕ್ಯಾನ್ಸರ್‌ನಲ್ಲಿ ಇದು ಜಾಸ್ತಿ. ಜೊತೆಗೆ ಆ ಕೋಶಗಳು ತಮ್ಮ ಪೊರೆಯ ಸಣ್ಣ ಸಣ್ಣ ಗುಳ್ಳೆಗಳನ್ನು ರಕ್ತಕ್ಕೆ ಉದುರಿಸುತ್ತಿರುತ್ತವೆ. ಅವುಗಳ ಮೇಲೂ ಟಿಶ್ಯೂ ಫ್ಯಾಕ್ಟರ್ ಇರುತ್ತದೆ. ನಿಮ್ಮ ಪ್ರಶ್ನೆಗೆ ಉತ್ತರ ಬಹುಪಾಲು ಇಲ್ಲೇ ಇದೆ. ಗಡ್ಡೆ ಹೊಟ್ಟೆಯಲ್ಲೇ ಕೂತಿದ್ದರೂ ಹೆಪ್ಪು ಊರೆಲ್ಲ ಸುತ್ತುತ್ತದೆ. ರಕ್ತ ನಿಧಾನವಾಗಿ ಹರಿಯುವ ಜಾಗ ಕಾಲಿನ ಒಳ ಅಭಿಧಮನಿ. ಹಾಸಿಗೆ ಹಿಡಿದವರಲ್ಲಂತೂ ಇನ್ನೂ ನಿಧಾನ. ಅಲ್ಲೇ ಗಟ್ಟಿಯಾಗುತ್ತದೆ.

ಬೇರೆ ದಾರಿಗಳೂ ಇವೆ. ಕೆಲವು ಗಡ್ಡೆಗಳು ಬಿಡುವ ಲೋಳೆಯಂಥ ಮ್ಯೂಸಿನ್, ರಕ್ತ ಹೆಪ್ಪುಗಟ್ಟಲು ನೆರವಾಗುವ ಸಣ್ಣ ಕಣಗಳಾದ ಪ್ಲೇಟ್‌ಲೆಟ್‌ಗಳನ್ನು ಕೆರಳಿಸುತ್ತದೆ. ಕೆಲವು ಕೀಮೋ ಔಷಧಿಗಳೂ ಅಪಾಯ ಹೆಚ್ಚಿಸುತ್ತವೆ.

ಇದರಿಂದ ಕ್ಯಾನ್ಸರಿಗೇನು ಲಾಭ ಅಂತ ಅನಿಸಬಹುದು. ಲಾಭ ಇದೆ. ರಕ್ತಕ್ಕಿಳಿದ ಕ್ಯಾನ್ಸರ್ ಕೋಶದ ಸುತ್ತ ಪ್ಲೇಟ್‌ಲೆಟ್‌ಗಳು ಕಂಬಳಿಯಂತೆ ಮೆತ್ತಿಕೊಳ್ಳುತ್ತವೆ. ಕಾವಲಿಗಿರುವ ಬಿಳಿ ರಕ್ತಕಣಗಳಿಗೆ ಅದು ಕಾಣಿಸುವುದೇ ಇಲ್ಲ. ಕಳ್ಳ ಪೊಲೀಸ್ ಯೂನಿಫಾರ್ಮ್ ಹಾಕಿಕೊಂಡ ಹಾಗೆ!

ಈ ನಂಟು ಹೊಸದೇನಲ್ಲ. ಪ್ಯಾರಿಸ್‌ನ ವೈದ್ಯ ಆರ್ಮಾಂಡ್ ಟ್ರೂಸೋ 1865ರಲ್ಲೇ ಪಾಠ ಮಾಡುತ್ತಾ, ಒಳಗೆಲ್ಲೋ ಕ್ಯಾನ್ಸರ್ ಇದೆಯೋ ಇಲ್ಲವೋ ಎಂಬ ಅನುಮಾನವಿದ್ದಾಗ ಹೀಗೆ ರಕ್ತ ಹೆಪ್ಪುಗಟ್ಟುವುದನ್ನು ಸುಳಿವಾಗಿ ನೋಡಬೇಕು ಎಂದಿದ್ದರು. 1867ರ ಜನವರಿಯಲ್ಲಿ ಅವರದೇ ರಕ್ತನಾಳದಲ್ಲಿ ಕ್ಲಾಟ್ ಕಾಣಿಸಿತು. ತಮ್ಮ ಕಾಯಿಲೆ ಏನೆಂದು ಇನ್ನು ಅನುಮಾನವೇ ಉಳಿದಿಲ್ಲ ಅಂತ ಶಿಷ್ಯನಿಗೆ ಹೇಳಿದರು. ಅದೇ ಜೂನ್‌ನಲ್ಲಿ ಹೊಟ್ಟೆಯ ಕ್ಯಾನ್ಸರಿನಿಂದ ತೀರಿಕೊಂಡರು. ನಾನು ಇದನ್ನು ಮೊದಲು ಓದಿದ ದಿನ ಕೈಯಲ್ಲಿದ್ದ ಟ್ಯೂಬನ್ನೇ ಸ್ವಲ್ಪ ಹೊತ್ತು ನೋಡುತ್ತಾ ಕೂತಿದ್ದೆ. ಹಾಗಂತ ಕಾಲಲ್ಲಿ ಕ್ಲಾಟ್ ಆದವರಿಗೆಲ್ಲ ಕ್ಯಾನ್ಸರ್ ಇರುತ್ತದೆ ಅಂತ ಸುಮ್ನೆ ಗಾಬರಿಯಾಗಬೇಡಿ. ಹೆಚ್ಚಿನವರಿಗೆ ಇರುವುದಿಲ್ಲ.

ತಂದೆಯವರಿಗೆ ಬಹುಶಃ ರಕ್ತ ಹೆಪ್ಪುಗಟ್ಟದಂತೆ ತಡೆಯುವ, ಹೊಟ್ಟೆಯ ಚರ್ಮದಡಿ ಚುಚ್ಚುವ ಹೆಪಾರಿನ್ ಜಾತಿಯ ಇಂಜೆಕ್ಷನ್ ಬರೆದಿರುತ್ತಾರೆ. ಹಳೆಯ ವಾರ್ಫರಿನ್ ಮಾತ್ರೆಗಿಂತ ಕ್ಯಾನ್ಸರ್ ರೋಗಿಗಳಲ್ಲಿ ಇದು ಚೆನ್ನಾಗಿ ಕೆಲಸ ಮಾಡುತ್ತದೆ ಅಂತ 2003ರಲ್ಲೇ ಒಂದು ದೊಡ್ಡ ಪರೀಕ್ಷೆಯಲ್ಲಿ ಗೊತ್ತಾಯಿತು. ಈಗ ಅಪಿಕ್ಸಬಾನ್‌ನಂಥ ಹೊಸ ಮಾತ್ರೆಗಳೂ ಇವೆ. ಹೊಟ್ಟೆ, ಕರುಳಿನ ಗಡ್ಡೆ ಇದ್ದರೆ ರಕ್ತಸ್ರಾವದ ಅಪಾಯ ನೋಡಿಕೊಂಡು ಕೊಡುತ್ತಾರೆ. ಯಾವುದು ಅಂತ ಅವರ ಡಾಕ್ಟರೇ ಹೇಳಬೇಕು. ಮಲ ಕಪ್ಪಾದರೆ ಅವತ್ತೇ ಅವರಿಗೆ ತಿಳಿಸಿ.

ಇನ್ನೊಂದು ಮಾತು. ಊದಿದ ಕಾಲಿಗೆ ಎಣ್ಣೆ ಹಚ್ಚಿ ಚೆನ್ನಾಗಿ ನೀವಿ ಅಂತ ಮನೆಗೆ ಬಂದವರು ಹೇಳಿಯೇ ಹೇಳುತ್ತಾರೆ. ಬೇಡವೇ ಬೇಡ. ಕ್ಲಾಟಿನ ತುಂಡು ಕಿತ್ತುಕೊಂಡು ಶ್ವಾಸಕೋಶಕ್ಕೆ ಹೋಗಬಹುದು. ಇದ್ದಕ್ಕಿದ್ದ ಹಾಗೆ ಉಸಿರು ಕಟ್ಟಿದರೆ, ಎದೆ ನೋವು ಬಂದರೆ, ಕೆಮ್ಮಿನಲ್ಲಿ ರಕ್ತ ಬಂದರೆ ಬೆಳಗಾಗಲಿ ಅಂತ ಕಾಯದೆ 108ಕ್ಕೆ ಫೋನ್ ಮಾಡಿ.