ನಿಮ್ಮ ಪ್ರಶ್ನೆಗೆ ಉತ್ತರ: ಮೂರು ಸಲ ಕೇಳಿದರೂ ಹಿಡಿಸಲಿಲ್ಲ, ಏನನ್ನು ಗಮನಿಸಬೇಕು?

ಇಂಗ್ಲೆಂಡಿನ ರಾಕ್ ಬ್ಯಾಂಡ್ ಪಿಂಕ್ ಫ್ಲಾಯ್ಡ್‌ನ ‘ದ ಡಾರ್ಕ್ ಸೈಡ್ ಆಫ್ ದ ಮೂನ್’ ಮೂರು ಸಲ ಕೇಳಿದೆ, ಎಲ್ಲಾ ಹಾಡೂ ಒಂದೇ ಥರ ಅನಿಸಿತು ಅಂದಿದ್ದೀರಿ. ಮೊದಲು ಶಫಲ್ ಆಫ್ ಮಾಡಿ, ಹಾಡುಗಳನ್ನು ಇದ್ದ ಕ್ರಮದಲ್ಲೇ ಕೇಳಿ! 1973ರ ಈ ಆಲ್ಬಂ ಎದೆಬಡಿತದಿಂದ ಶುರುವಾಗಿ ಎದೆಬಡಿತದಲ್ಲೇ ಮುಗಿಯುತ್ತದೆ. ನಡುವೆ ಒಂದು ಹಾಡು ಇನ್ನೊಂದರೊಳಗೆ ಜಾರುತ್ತದೆ. ಒಟ್ಟು ಸುಮಾರು 43 ನಿಮಿಷ. ಕುಕ್ಕರಹಳ್ಳಿ ಕೆರೆ ದಂಡೆಯಲ್ಲಿ ಒಂದು ಸೋಮಾರಿ ನಡಿಗೆ, ಅಷ್ಟೇ.

ನೀವೂ ಮೈಸೂರಿನವರೇ ಅಲ್ವಾ, ರಾಮನವಮಿ ಕಚೇರಿಗಳಲ್ಲಿ ತೊಡೆ ತಟ್ಟಿ ತಾಳ ಹಾಕಿರುತ್ತೀರಿ. ಹಾಗೇ ಈ ಆಲ್ಬಂನ ‘ಮನಿ’ ಹಾಡಿಗೂ ಹಾಕಿ ನೋಡಿ. ಚಿಲ್ಲರೆ ಕಾಸು, ಗಲ್ಲಾಪೆಟ್ಟಿಗೆಯ ಸದ್ದನ್ನೆಲ್ಲ ಟೇಪ್ ತುಂಡುಗಳಾಗಿ ಕತ್ತರಿಸಿ, ಅಂಟಿಸಿ ಮಾಡಿದ ಲಯ ಅದು. ಏಳು ಎಣಿಕೆ! ನಮ್ಮ ಕರ್ನಾಟಕ ಸಂಗೀತದ ಮಿಶ್ರ ಚಾಪು ತಾಳದ ಲೆಕ್ಕ. ಸ್ಯಾಕ್ಸೊಫೋನ್ ಮುಗಿದು ಗಿಟಾರ್ ಸೋಲೋ ಬಂದಾಗ ನಿಮ್ಮ ಕೈ ತಪ್ಪುತ್ತದೆ. ತಪ್ಪು ನಿಮ್ಮದಲ್ಲ, ಅಲ್ಲಿ ನಾಲ್ಕರ ಎಣಿಕೆಗೆ ಹೋಗುತ್ತಾರೆ. ಆಮೇಲೆ ಮತ್ತೆ ಏಳು. ಇದು ಗೊತ್ತಾಗಲು ನನಗೆ ವರ್ಷಗಳೇ ಬೇಕಾದವು. ಸುಮ್ನೆ ತಲೆ ಆಡಿಸುತ್ತಿದ್ದೆ.

‘ಮನಿ’ಗೂ ಮುಂಚಿನ ಹಾಡಿನಲ್ಲಿ ಗಾಯಕಿ ಕ್ಲೇರ್ ಟೊರಿ ಒಂದೂ ಪದವಿಲ್ಲದೆ ಹಾಡುತ್ತಾರೆ. ಸಾಹಿತ್ಯ ಹುಡುಕಬೇಡಿ, ಆಲಾಪನೆ ಕೇಳುವ ಹಾಗೆ ಕೇಳಿ. ಇದೇ ಆಲ್ಬಂನ ‘ಆನ್ ದ ರನ್’ಗೆ ಮಾತ್ರ ಹೆಡ್‌ಫೋನ್ ಬೇಕೇ ಬೇಕು. ಹೆಜ್ಜೆ ಸದ್ದು ಒಂದು ಕಿವಿಯಿಂದ ಇನ್ನೊಂದಕ್ಕೆ ಓಡುತ್ತದೆ. ಫೋನಿನ ಸ್ಪೀಕರ್‌ನಲ್ಲಿ ಅದು ಬರೀ ಗಲಾಟೆ.